ಹಾಳೆತಟ್ಟೆಗೆ ಕಾನೂನಿನ ಬಲ

ಕಟ್ಟುನಿಟ್ಟಿನ ಕಾನೂನು ಬಂದರೆ ಉದ್ಯಮಗಳು ನೆಲಕಚ್ಚುತ್ತವೆ ಎಂಬ ಕೂಗು ಹೊಸತಲ್ಲ. ಅಡಿಕೆ ಹಾಳೆಯ ವಿಚಾರದಲ್ಲಂತೂ ನಾವು ಇದನ್ನು ಒಪ್ಪಲಾರೆವು. ಮುಟ್ಟಾಳೆಗೋ ಒಲೆಗೋ ಗೊಬ್ಬರದ ಗುಂಡಿಗೋ ಹೋಗುತ್ತಿದ್ದ ಹಾಳೆಯನ್ನು ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಸಣ್ಣ ಘಟಕಗಳು ನಮ್ಮ ಕಂಗಿನ ತೋಟಗಳ ನಡುವೆಯೇ ಎದ್ದಿವೆ. ಅಂಟಿಲ್ಲ, ಬಣ್ಣವಿಲ್ಲ, ಉಂಡು ಎಸೆದರೆ ಮಣ್ಣಾಗುತ್ತದೆ.

ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕೇರಳ ಸರಕಾರವು 2020ರ ಜನವರಿ 1ರಿಂದಲೂ ಕೇಂದ್ರವು 2022ರ ಜುಲೈ 1ರಿಂದಲೂ ನಿಷೇಧಿಸಿದವು. ಹಾಳೆತಟ್ಟೆಗೆ ಇದಕ್ಕಿಂತ ದೊಡ್ಡ ಬಲ ಬೇಕಿರಲಿಲ್ಲ. ಆದರೆ ನಿಷೇಧ ಎಷ್ಟು ಜಾರಿಯಲ್ಲಿದೆ ಎಂಬುದು ಮದುವೆ ಚಪ್ಪರದ ಹಿಂದೆ ಇಣುಕಿದವರಿಗೆ ತಿಳಿದೀತು. ಸರಕಾರದ ಮಾತು ನಂಬಿ ಸಾಲ ಮಾಡಿ ಯಂತ್ರ ತಂದವನು ಅಗ್ಗದ ಕಳ್ಳಮಾಲಿನೊಡನೆ ಸೆಣಸಬೇಕೆಂದರೆ ಅದೆಂಥ ನ್ಯಾಯ?

ಇದರ ಮೇಲೆ 2025ರಲ್ಲಿ ಅಮೆರಿಕದ ಆಹಾರ ನಿಯಂತ್ರಕರು, ಅಡಿಕೆಯಲ್ಲಿರುವ ಅರೆಕೊಲಿನ್‌ನಂತಹ ದ್ರವ್ಯಗಳು ಹಾಳೆಯಿಂದ ಊಟಕ್ಕೆ ಸೇರಬಹುದೆಂದು ಇದರ ಆಮದಿಗೆ ತಡೆಯೊಡ್ಡಿದರು. ಬೈದು ಫಲವಿಲ್ಲ, ಪರೀಕ್ಷೆ ನಡೆಸಿಯೇ ಉತ್ತರಿಸಬೇಕು. ನಾಲ್ಕಾಳಿನ ಘಟಕಕ್ಕೆ ಆ ಖರ್ಚು ಭರಿಸುವ ಶಕ್ತಿ ಎಲ್ಲಿಯದು? ಕಾಸರಗೋಡಿನಲ್ಲೇ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ಸರಕಾರ ವೆಚ್ಚ ವಹಿಸಿ ಅಲ್ಲಿ ಏರ್ಪಾಡು ಮಾಡಲಿ. ವರದಿಯೂ ಸಹಾಯಧನದ ಅರ್ಜಿಯೂ ಕನ್ನಡದಲ್ಲಿ ದೊರೆಯಲಿ (ಹಾಳೆ ಹೆಕ್ಕುವವರಲ್ಲಿ ಕನ್ನಡವನ್ನಷ್ಟೇ ಓದಬಲ್ಲವರು ಅನೇಕರು). ಪಂಚಾಯತಿನವರ ತಪಾಸಣೆಯೂ ಗೂಡಂಗಡಿಯಲ್ಲೇ ನಿಲ್ಲದೆ ಸಗಟು ಗೋದಾಮಿನ ಬಾಗಿಲನ್ನು ತಟ್ಟಲಿ.