ವಿದ್ಯುತ್ ಗಿಟಾರಿನ ಜೀರ್ಣೋದ್ಧಾರ

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮ ಬೀದಿಯ ಗೃಹಸ್ಥರೊಬ್ಬರು ಖಿನ್ನಮುಖರಾಗಿ ನನ್ನಲ್ಲಿಗೆ ಬಂದರು. “ಮೇಷ್ಟ್ರೇ, ತಾವು ಒಂದು ಗಳಿಗೆ ಬಂದು ನಮ್ಮ ಹುಡುಗನಿಗೆ ಬುದ್ಧಿ ಹೇಳಬೇಕು. ಎರಡು ವರ್ಷದ ಕೆಳಗೆ ಹದಿನೈದು ಸಾವಿರ ಕೊಟ್ಟು ತಂದ ಗಿಟಾರನ್ನು ಬಿಚ್ಚಿ ಹರವಿಕೊಂಡು ಕುಳಿತಿದ್ದಾನೆ. ಅದರೊಳಗಿನ ಏನನ್ನೋ ಬದಲಾಯಿಸುವುದಕ್ಕೆ ಇನ್ನೂ ಆರು ಸಾವಿರ ಬೇಕಂತೆ. ಅದನ್ನು ಸಿಕ್ಕಿದ ಬೆಲೆಗೆ ಮಾರಿಬಿಡುವೆನೆಂದು ಹೇಳಿದ್ದೇನೆ, ನಿನ್ನೆಯಿಂದ ಇಬ್ಬರಿಗೂ ಮಾತಿಲ್ಲ” ಎಂದರು.

ಹೋಗಿ ನೋಡಿದೆನು. ಹುಡುಗನು ನೆಲದ ಮೇಲೆ ಹಳೆಯ ಪಂಚೆಯೊಂದನ್ನು ಹಾಸಿ, ತಿರುಪುಮೊಳೆಗಳನ್ನು ಅಳತೆಗೆ ತಕ್ಕಂತೆ ಬೇರೆ ಬೇರೆ ಬಟ್ಟಲುಗಳಲ್ಲಿ ವಿಂಗಡಿಸಿ, ಒಳಗಿನ ಯಾವ ತಂತಿಯು ಎಲ್ಲಿ ಸೇರಿತ್ತೆಂಬುದನ್ನು ಕಾಗದದಲ್ಲಿ ಬರೆದುಕೊಂಡಿದ್ದನು. ಇಷ್ಟನ್ನು ಕಂಡ ಮೇಲೆ ಬುದ್ಧಿ ಹೇಳಬೇಕೆಂದಿದ್ದ ನನ್ನ ಉತ್ಸಾಹವು ಅರ್ಧಕ್ಕಿಳಿಯಿತು. “ಏನಪ್ಪಾ ಇದರ ರೋಗ?” ಎಂದು ಕೇಳಿದೆನು. “ಯಾವಾಗಲೂ ಗುಂಯ್ ಎನ್ನುತ್ತದೆ ತಾತ. ಪಿಕಪ್ ಬದಲಾಯಿಸಬೇಕು” ಎಂದನು. ಇಂತಹ ವಿವಾದವು ಈಗ ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ, ಅಂದು ನಾನು ತಿಳಿದುಕೊಂಡುದನ್ನೂ ಆಮೇಲೆ ಓದಿಕೊಂಡುದನ್ನೂ ಈ ಸಲ ವಾಚಕರ ಮುಂದಿಡುತ್ತೇನೆ.

ವೀಣೆಯ ನಾದವು ಅದರ ಟೊಳ್ಳಾದ ಕೊಡದಲ್ಲಿ ತುಂಬಿಕೊಂಡು ಹೊರಹೊಮ್ಮುವುದಷ್ಟೆ. ವಿದ್ಯುತ್ ಗಿಟಾರುಗಳಲ್ಲಿ ಹೆಚ್ಚಿನವಕ್ಕೆ ಅಂತಹ ಕೊಡವಿಲ್ಲ. ಒಡಲು ಘನವಾದ ಮರದ ಹಲಗೆ. ತಂತಿಗಳ ಕೆಳಗೆ ಹುದುಗಿಸಿರುವ ಪಿಕಪ್ಪೇ ಅದರ ಕಿವಿ. ಅದರಲ್ಲಿ ಅಯಸ್ಕಾಂತವೂ, ಅದನ್ನು ಸುತ್ತಿಕೊಂಡ, ಕೂದಲೆಳೆಯಂತೆ ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತುಗಳೂ ಇರುವುವು. ಉಕ್ಕಿನ ತಂತಿಯು ಮಿಡಿದಾಗ ಅಯಸ್ಕಾಂತದ ಕ್ಷೇತ್ರವು ಕದಲುವುದು; ಕ್ಷೇತ್ರವು ಕದಲಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದು. 1831ರಲ್ಲಿ ಮೈಕೇಲ್ ಫ್ಯಾರಡೆಯು ಕಂಡುಹಿಡಿದ ತತ್ತ್ವವಿದೇ. ಆ ಅತ್ಯಲ್ಪವಾದ ಪ್ರವಾಹವನ್ನು ಆಂಪ್ಲಿಫೈಯರು ಹಿಗ್ಗಿಸಿ ಶಬ್ದವನ್ನಾಗಿ ಮಾಡುವುದು. ಜಾರ್ಜ್ ಬೋಷಾಂಪ್ ಎಂಬ ಅಮೆರಿಕದ ವಾದಕನು ರೂಪಿಸಿದ ಇಂತಹ ವಾದ್ಯವು 1932ರಲ್ಲಿ ಮಾರಾಟಕ್ಕೆ ಬಂದಿತು. ಬಾಣಲೆಯ ಆಕಾರದಲ್ಲಿದ್ದುದರಿಂದ ಜನರು ಅದನ್ನು ಬಾಣಲೆಯೆಂದೇ ಕರೆದರು.

ಇದನ್ನು ಬಿಚ್ಚುವುದು ಅಪರಾಧವೇ ಎಂದರೆ, ಅಲ್ಲ. ಬಿಚ್ಚುವುದಕ್ಕೆಂದೇ ಇದನ್ನು ಮಾಡಿದುದು. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿಟ್ಟಿದ್ದ ಲಿಯೋ ಫೆಂಡರ್ ಎಂಬಾತನು 1950ರಲ್ಲಿ ಘನವಾದ ಒಡಲಿನ ಗಿಟಾರನ್ನು ಮಾರಲಾರಂಭಿಸಿದನು. ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಆದರೆ ಕೆಟ್ಟ ಯಂತ್ರವನ್ನು ಸರಿಪಡಿಸುವವನ ಕಷ್ಟವೇನೆಂಬುದು ಚೆನ್ನಾಗಿ ಗೊತ್ತಿತ್ತು. ಆದಕಾರಣ ದಂಡಿಯನ್ನು ಒಡಲಿಗೆ ಅಂಟಿನಿಂದ ಸೇರಿಸದೆ ನಾಲ್ಕು ತಿರುಪುಗಳಿಂದ ಬಿಗಿದನು. ದಂಡಿ ಸವೆದರೆ ದಂಡಿಯನ್ನೂ, ಪಿಕಪ್ ಕೆಟ್ಟರೆ ಪಿಕಪ್ಪನ್ನೂ ಬದಲಿಸಬಹುದು. ನಮ್ಮ ವೈಣಿಕರೂ ಮೇಣ ಸಡಿಲಿದಾಗ ವೀಣೆಯ ಮೆಟ್ಟಿಲುಗಳನ್ನು ಕಿತ್ತು ಹೊಸದಾಗಿ ಮೇಳ ಕಟ್ಟಿಸುವರಲ್ಲವೆ? ಅದನ್ನು ಯಾರೂ ವೀಣೆಯನ್ನು ಕೆಡಿಸಿದರೆನ್ನುವುದಿಲ್ಲ.

ಮಾರಿ ಬೇರೆ ಕೊಳ್ಳುವುದಕ್ಕಿಂತ ಇದ್ದುದನ್ನೇ ಸರಿಪಡಿಸಿಕೊಳ್ಳುವುದು ಲೇಸೆಂಬುದಕ್ಕೆ ಮತ್ತೊಂದು ಕಾರಣವುಂಟು. ಅನೇಕ ಗಿಟಾರುಗಳಲ್ಲಿ ಬೆರಳೊತ್ತುವ ಹಲಗೆಯು ಬೀಟೆಯ ಮರದ್ದು. ಬ್ರೆಜಿಲಿನ ಬೀಟೆಯು ಕಡಿಕಡಿದು ಕ್ಷೀಣಿಸಿದುದರಿಂದ 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಅದರ ವ್ಯಾಪಾರವನ್ನು ತಡೆಯಿತು. ಅಷ್ಟರಲ್ಲಾಗಲೇ ಗಿಟಾರಿನವರು ನಮ್ಮ ಪಶ್ಚಿಮಘಟ್ಟದಲ್ಲಿ ಬೆಳೆಯುವ ಬೀಟೆಯ ಕಡೆಗೆ ತಿರುಗಿದ್ದರು. 2017ರಲ್ಲಿ ಆ ವರ್ಗದ ಮರಗಳಿಗೆಲ್ಲ ನಿರ್ಬಂಧವುಂಟಾಗಿ, 2019ರಲ್ಲಿ ಸಿದ್ಧವಾದ ವಾದ್ಯಗಳಿಗೆ ಮಾತ್ರ ಸಡಿಲಿಕೆ ದೊರೆಯಿತು. ಒಂದು ಬೀಟೆ ಬಲಿಯುವುದಕ್ಕೆ ಎರಡು ಮೂರು ತಲೆಮಾರು ಬೇಕಾಗುವಾಗ, ಅದರ ಹಲಗೆಯನ್ನು ಹೊತ್ತ ವಾದ್ಯವನ್ನು ನಾಲ್ಕು ವರ್ಷದಲ್ಲಿ ಬಿಸಾಡುವುದು ಉಚಿತವಲ್ಲ.

ಇನ್ನು ಬದಲಾವಣೆಯ ಪ್ರಕಾರಗಳು. ಕನ್ನಡ ಶಾಲೆಯಲ್ಲಿ ಓದಿದವರೆಲ್ಲರೂ ಲೋಪ, ಆಗಮ, ಆದೇಶಗಳೆಂಬ ಸಂಧಿಕಾರ್ಯಗಳನ್ನು ಬಲ್ಲರು. ಗಿಟಾರನ್ನು ತಿದ್ದುವವನ ಕೆಲಸವೆಲ್ಲವೂ ಈ ಮೂರರಲ್ಲೇ ಅಡಗಿದೆ. ಬೇಡದ ಗುಂಡಿಯನ್ನು ತೆಗೆದರೆ ಲೋಪ. ಹೊರಗಿನ ವಿದ್ಯುತ್ತಿನ ಗಲಭೆಯನ್ನು ತಡೆಯಲು ಒಳಗಿನ ಗುಳಿಗೆ ತಾಮ್ರದ ತೆಳು ಹಾಳೆಯನ್ನು ಹೊದಿಸಿದರೆ ಆಗಮ. ಹಳೆಯ ಪಿಕಪ್ಪನ್ನು ಕಳೆದು ಅದರ ಸ್ಥಾನದಲ್ಲಿ ಹೊಸದನ್ನು ನಿಲ್ಲಿಸಿದರೆ ಆದೇಶ. ಸಂಸ್ಕೃತ ವೈಯಾಕರಣರು ಆಗಮವನ್ನು ಮಿತ್ರನಿಗೂ ಆದೇಶವನ್ನು ಶತ್ರುವಿಗೂ ಹೋಲಿಸುವ ವಾಡಿಕೆಯುಂಟು. ಮಿತ್ರನು ಬಂದು ಪಕ್ಕದಲ್ಲಿ ಕುಳಿತುಕೊಳ್ಳುವನು. ಶತ್ರುವಾದರೋ ಇದ್ದವನನ್ನು ಎಬ್ಬಿಸಿ ಪೀಠವನ್ನು ತಾನೇ ಹಿಡಿಯುವನು. ಆದುದರಿಂದ ಮೂರರಲ್ಲಿ ಆದೇಶಕ್ಕೆ ಹೆಚ್ಚಿನ ವಿವೇಚನೆ ಬೇಕು.

ಆದೇಶಗಳಲ್ಲಿ ಪ್ರಸಿದ್ಧವಾದುದು ಒಂಟಿ ಸುರುಳಿಯ ಬದಲು ಜೋಡಿ ಸುರುಳಿಯ ಪಿಕಪ್ಪನ್ನು ಹಾಕುವುದು. ಒಂಟಿ ಸುರುಳಿಯು ತಂತಿಯ ಮಿಡಿತದೊಡನೆ ಮನೆಯ ವಿದ್ಯುತ್ತಿನ ಗುಂಜಾರವವನ್ನೂ ಹಿಡಿಯುವುದು. ಗಿಬ್ಸನ್ ಕಂಪೆನಿಯಲ್ಲಿದ್ದ ಸೆತ್ ಲವರ್ ಎಂಬ ಎಂಜಿನಿಯರನು 1955ರಲ್ಲಿ ಇದಕ್ಕೊಂದು ಉಪಾಯ ಮಾಡಿದನು. ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಅವುಗಳ ಅಯಸ್ಕಾಂತದ ಧ್ರುವಗಳನ್ನೂ ತಿರುವುಮುರುವಾಗಿಟ್ಟನು. ಹೊರಗಿನ ಗುಂಜಾರವವು ಒಂದರಲ್ಲಿ ಏರಿದಾಗ ಇನ್ನೊಂದರಲ್ಲಿ ಇಳಿದು, ತಕ್ಕಡಿಯ ಸಮತೂಕದ ತಟ್ಟೆಗಳಂತೆ ಸರಿಹೋಗುವುದು. ತಂತಿಯ ನಾದವು ಮಾತ್ರ ಎರಡರದೂ ಕೂಡಿ ಪುಷ್ಟವಾಗುವುದು. ಇದಕ್ಕೆ ಹಂಬಕರ್ ಎಂದು ಹೆಸರು. 1972ರಲ್ಲಿ ನ್ಯೂಯಾರ್ಕಿನ ಲ್ಯಾರಿ ಡಿಮಾರ್ಜಿಯೋ, 1976ರಲ್ಲಿ ಕ್ಯಾಲಿಫೋರ್ನಿಯಾದ ಸೇಮೂರ್ ಡಂಕನ್ ಇವರು ಹಳೆಯದನ್ನು ತೆಗೆದು ಹಾಕಿಕೊಳ್ಳುವುದಕ್ಕೆಂದೇ ಪಿಕಪ್ಪುಗಳನ್ನು ಮಾಡಿ ಮಾರತೊಡಗಿದ ಮೇಲೆ, ಈ ಕೆಲಸವು ಮನೆಮನೆಯ ಹುಡುಗರ ಕೈಗೆ ಬಂದಿತು.

ಇಬ್ಬರ ಉದಾಹರಣೆ ಸಾಕು. ಎಡ್ಡಿ ವಾನ್ ಹೇಲನ್ ಎಂಬ ಯುವಕನು ಕ್ಯಾಲಿಫೋರ್ನಿಯಾದಲ್ಲಿ 1970ರ ದಶಕದ ನಡುವೆ, ದೋಷವಿದ್ದುದರಿಂದ ಅಗ್ಗಕ್ಕೆ ಸಿಕ್ಕಿದ ಒಂದು ಒಡಲನ್ನು 50 ಡಾಲರಿಗೂ ದಂಡಿಯೊಂದನ್ನು 80 ಡಾಲರಿಗೂ ಕೊಂಡುತಂದನು. ಒಡಲನ್ನು ಕೊರೆದು, ತನ್ನ ಗಿಬ್ಸನ್ ಗಿಟಾರಿನಿಂದ ತೆಗೆದ ಹಂಬಕರನ್ನು ಅದರಲ್ಲಿ ಕೂಡಿಸಿದನು. ಪಿಕಪ್ಪಿನ ಸುತ್ತುಗಳು ಸಡಿಲವಾಗಿದ್ದರೆ ಅವೂ ಕಂಪಿಸಿ ಕಿರುಚುವುವು. ಅದಕ್ಕೋಸ್ಕರ ಅದನ್ನು ಕರಗಿದ ಮೇಣದಲ್ಲಿ ಅದ್ದಿ ಬಿಗಿಗೊಳಿಸಿದನು. ಗುಂಡಿಗಳಲ್ಲಿ ಶಬ್ದದ ಏರಿಳಿತಕ್ಕೆ ಒಂದನ್ನುಳಿಸಿ ಮಿಕ್ಕವುಗಳನ್ನು ಲೋಪ ಮಾಡಿದನು. 1978ರಲ್ಲಿ ಹೊರಬಂದ ಆತನ ತಂಡದ ಮೊದಲನೆಯ ಧ್ವನಿಮುದ್ರಿಕೆಯಿಂದ ಆ ವಾದ್ಯವು ಜಗತ್ಪ್ರಸಿದ್ಧವಾಯಿತು. 2007ರಲ್ಲಿ ಫೆಂಡರ್ ಕಂಪೆನಿಯವರು ಅದರ ಗೀರು ಕಲೆಗಳ ಸಹಿತವಾಗಿ 300 ಪ್ರತಿರೂಪಗಳನ್ನು ಮಾಡಿ ಒಂದೊಂದಕ್ಕೆ 25,000 ಡಾಲರು ಬೆಲೆಯಿಟ್ಟರು!

ಎರಡನೆಯದು ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದುದು. ಲಂಡನ್ನಿನ ಹೊರವಲಯದಲ್ಲಿದ್ದ ಬ್ರಯನ್ ಮೇ ಎಂಬ ಬಾಲಕನಿಗೆ ಒಳ್ಳೆಯ ಗಿಟಾರನ್ನು ಕೊಳ್ಳುವ ಶಕ್ತಿಯಿರಲಿಲ್ಲ. 1963ರಲ್ಲಿ ಆತನೂ, ಎಲೆಕ್ಟ್ರಾನಿಕ್ಸ್ ಬಲ್ಲ ಆತನ ತಂದೆ ಹೆರಾಲ್ಡರೂ ಕೂಡಿ ಮನೆಯಲ್ಲಿಯೇ ಒಂದನ್ನು ಮಾಡತೊಡಗಿದರು. ಸುಮಾರು ಎರಡು ವರ್ಷ ಹಿಡಿಯಿತು. ದಂಡಿಗೆ ಹಳೆಯ ಅಗ್ಗಿಷ್ಟಿಕೆಯ ಮೇಲಣ ಮರ; ಅದರಲ್ಲಿದ್ದ ಹುಳುವಿನ ತೂತುಗಳಿಗೆ ಬೆಂಕಿಕಡ್ಡಿ. ಮೆಟ್ಟಿಲುಗಳ ಗುರುತಿಗೆ ತಾಯಿಯ ಹೊಲಿಗೆಯ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು. ತಂತಿಗಳ ಎಳೆತವನ್ನು ತಡೆಯಲು ಹಳೆಯ ಮೋಟಾರುಸೈಕಲಿನ ಸ್ಪ್ರಿಂಗುಗಳು. ಪಿಕಪ್ಪುಗಳನ್ನೂ ಮೊದಲು ತಾವೇ ಸುತ್ತಿದರು. ಆದರೆ ತಂತಿಯನ್ನು ಬಾಗಿಸಿ ನುಡಿಸಿದಾಗ ನಾದವು ವಿಕೃತವಾಗುತ್ತಿತ್ತು. ಹಟ ಹಿಡಿಯದೆ ಅವನ್ನು ತೆಗೆದು, ಬರ್ನ್ಸ್ ಎಂಬ ಕಂಪೆನಿಯ ಮೂರು ಪಿಕಪ್ಪುಗಳನ್ನು ಕೊಂಡು, ಅವುಗಳೊಳಗೆ ಅರಾಲ್ಡೈಟ್ ಅಂಟನ್ನು ತುಂಬಿ ಕಂಪನವನ್ನು ನಿಲ್ಲಿಸಿದರು. ಆ ಗಿಟಾರನ್ನೇ ಬ್ರಯನ್ ಮೇ ಅವರು ಕ್ವೀನ್ ಎಂಬ ತಂಡದಲ್ಲಿ ನುಡಿಸಿದರು. 2002ರಲ್ಲಿ ರಾಣಿಯವರ ಅರಮನೆಯ ಮಾಳಿಗೆಯ ಮೇಲೆಯೂ ನುಡಿಸಿದರು. ಮಗನು ಖಗೋಳಶಾಸ್ತ್ರದ ಸಂಶೋಧನೆಯನ್ನು ಬಿಟ್ಟು ವಾದ್ಯವನ್ನು ಹಿಡಿದಾಗ, ಗಿಟಾರನ್ನು ಕೂಡಿ ಮಾಡಿದ ಆ ತಂದೆಯೇ ಬಹಳ ನೊಂದರಂತೆ. ಬಿಟ್ಟ ವ್ಯಾಸಂಗವನ್ನು ಮಗನು 2007ರಲ್ಲಿ ಮುಗಿಸಿ ಡಾಕ್ಟರೇಟ್ ಪಡೆದರು; ಅದನ್ನು ನೋಡಲು ತಂದೆಯವರಿರಲಿಲ್ಲ.

ಈಗ ಎಚ್ಚರಿಕೆಯ ಮಾತು. ರೋಗವನ್ನು ತಿಳಿಯದೆ ಔಷಧವನ್ನು ಕೊಳ್ಳಬಾರದು. ಮೊದಲು ಹೊಸ ತಂತಿ ಹಾಕಬೇಕು. ತುಕ್ಕು ಹಿಡಿದ ತಂತಿಗೆ ಯಾವ ಪಿಕಪ್ಪೂ ಕಂಠ ಕೊಡಲಾರದು. ಆಮೇಲೆ ಕುದುರೆಯನ್ನು ಹಿಂದುಮುಂದು ಸರಿಸಿ, ಹನ್ನೆರಡನೆಯ ಮೆಟ್ಟಿಲಿನಲ್ಲಿ ತಾರಷಡ್ಜವು ಸರಿಯಾಗಿ ನುಡಿಯುವಂತೆ ಮಾಡಬೇಕು. ಪಿಕಪ್ ತಂತಿಗೆ ತೀರ ಸಮೀಪವಾಗಿದ್ದರೆ ಅಯಸ್ಕಾಂತವು ತಂತಿಯನ್ನೇ ಸೆಳೆದು ಅಪಸ್ವರವುಂಟಾಗುವುದು. ತಿರುಪನ್ನು ತಿರುಗಿಸಿ ತಗ್ಗಿಸಿದರೆ ಸಾಕು. ಇವಿಷ್ಟಕ್ಕೂ ತಂತಿಯ ಬೆಲೆಯ ಹೊರತು ಖರ್ಚಿಲ್ಲ. ಇದರಿಂದ ಗುಣ ಕಾಣದಿದ್ದರೆ ಬಿರಡೆ, ಸ್ವಿಚ್ಚುಗಳನ್ನು ಪರೀಕ್ಷಿಸಿ, ಪಿಕಪ್ಪನ್ನು ಕಟ್ಟಕಡೆಗೆ ಮುಟ್ಟತಕ್ಕದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಲ್ಲವಾದರೆ ಗುಣವಾದುದು ಯಾವುದರಿಂದ ಎಂಬುದೇ ತಿಳಿಯದು. ತೆಗೆದುದನ್ನು ಎಸೆಯದೆ ಹೆಸರು ಬರೆದು ಡಬ್ಬಿಯಲ್ಲಿಡಬೇಕು. ಮರಕ್ಕೆ ಉಳಿ ಹಾಕುವ ಮುನ್ನ ಮೂರು ಸಲ ಯೋಚಿಸಬೇಕು. ತಿರುಪು ಬಿಚ್ಚಿದುದನ್ನು ಮತ್ತೆ ಬಿಗಿಯಬಹುದು. ಕೊರೆದ ಮರ ಕೂಡದು. 1950ರ ದಶಕದ ಗಿಟಾರುಗಳನ್ನು 1970ರ ದಶಕದಲ್ಲಿ ಹಂಬಕರಿಗೋಸ್ಕರ ಕೊರೆದವರು, ಮುಂದೆ ಅವುಗಳ ಬೆಲೆ ಏರಿದಾಗ ತಮ್ಮ ಕೈಯನ್ನು ತಾವೇ ಹಳಿದುಕೊಂಡರು.

ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ; ಬೆಸುಗೆಯಲ್ಲಿ ಸೀಸವಿರಬಹುದಾದ್ದರಿಂದ ಮುಗಿದ ಮೇಲೆ ಕೈ ತೊಳೆಯಬೇಕು. ಗಿಟಾರಿನೊಳಗೆ ಅಪಾಯದ ವಿದ್ಯುತ್ತಿಲ್ಲ. ಆಂಪ್ಲಿಫೈಯರಿನೊಳಗೆ ಉಂಟು, ಅದರಲ್ಲಿಯೂ ವಾಲ್ವುಗಳಿರುವ ಆಂಪ್ಲಿಫೈಯರಿನಲ್ಲಿ, ಪ್ಲಗ್ಗನ್ನು ಕಿತ್ತ ಮೇಲೆಯೂ ಪ್ರಾಣ ತೆಗೆಯುವಷ್ಟು ವಿದ್ಯುತ್ತು ನಿಂತಿರಬಹುದು. ಅದನ್ನು ಹುಡುಗರು ಬಿಚ್ಚಕೂಡದು.

ನಮ್ಮ ಬೀದಿಯ ಗಿಟಾರಿನ ಕಥೆ ಏನಾಯಿತೆಂದು ವಾಚಕರು ಕೇಳಬಹುದು. ಬಿಚ್ಚುವ ಮುನ್ನ ಗುಂಜಾರವವು ಹೇಗಿತ್ತೆಂದು ಹುಡುಗನನ್ನು ವಿಚಾರಿಸಿದೆನು. ತಂತಿಯನ್ನು ಮುಟ್ಟಿದರೆ ಕಡಮೆಯಾಗುತ್ತಿರಲಿಲ್ಲ, ಹಗ್ಗ ಚುಚ್ಚುವ ಕಡೆಯ ಲೋಹವನ್ನು ಮುಟ್ಟಿದರೆ ಕಡಮೆಯಾಗುತ್ತಿತ್ತು ಎಂದನು. ಹಾಗೆಂದವನು ತಾನೇ ಒಂದು ನಿಮಿಷ ಸುಮ್ಮನಿದ್ದು ಕುದುರೆಯ ಅಡಿಯನ್ನು ನೋಡಿದನು. ಅಲ್ಲಿಗೆ ಸೇರಬೇಕಾಗಿದ್ದ ಭೂಮಿಯ ತಂತಿಯು ಬೆಸುಗೆ ಬಿಟ್ಟು ಜೋತಾಡುತ್ತಿದ್ದಿತು. ಗೃಹಸ್ಥರು ಮಾತಾಡದೆ ಒಳಗೆ ಹೋಗಿ ಟಾರ್ಚನ್ನು ತಂದು ಹಿಡಿದರು. ಹುಡುಗನು ಬೆಸುಗೆ ಹಾಕಿದನು. ಸಂಜೆಯ ಹೊತ್ತಿಗೆ ವಾದ್ಯವು ಮುಂಚಿನಂತೆ ನಿಂತಿತು. ಗುಂಜಾರವವು ಮುಕ್ಕಾಲುಪಾಲು ಹೋಯಿತು. ಉಳಿದುದು ಒಂಟಿ ಸುರುಳಿಯ ಹುಟ್ಟುಗುಣ.

ಹುಡುಗನಿಗೆ ಹಂಬಕರಿನ ಆಸೆ ಹೋಗಿಲ್ಲ. ಹೋಗಬೇಕೆಂದು ನಾನೂ ಹೇಳಲಿಲ್ಲ. ಮರವನ್ನು ಕೊರೆಯದೆ ಹಳೆಯ ಗುಳಿಯಲ್ಲಿಯೇ ಕೂಡುವ, ಒಂಟಿ ಸುರುಳಿಯ ಅಳತೆಯ ಹಂಬಕರುಗಳೂ ದೊರೆಯುವುವೆಂದು ಈಗ ಅವನೇ ತಂದೆಗೆ ತಿಳಿಸಿರುವನು. ಪರೀಕ್ಷೆ ಮುಗಿದ ಮೇಲೆ ಒಂದನ್ನು ಕೊಡಿಸುವುದೆಂದೂ, ಹಳೆಯದನ್ನು ಕಾಪಾಡಿಡುವುದೆಂದೂ ಒಪ್ಪಂದವಾಗಿದೆ. ಮಾರುವ ಮಾತನ್ನು ಗೃಹಸ್ಥರು ಮತ್ತೆ ಎತ್ತಿಲ್ಲ. ಮೊನ್ನೆ ದಾರಿಯಲ್ಲಿ ಸಿಕ್ಕಿ, “ಮೇಷ್ಟ್ರೇ, ನಮ್ಮ ಮನೆಯ ಹಳೆಯ ರೇಡಿಯೋ ಒಂದು ಅಟ್ಟದ ಮೇಲಿದೆ. ಅವನ ಕೈಗೆ ಕೊಡಲೇ?” ಎಂದು ಕೇಳಿದರು. ವಾಲ್ವಿನದೋ ಟ್ರಾನ್ಸಿಸ್ಟರಿನದೋ ಎಂದು ಮೊದಲು ನೋಡಿ ಎಂದೆನು.