ಅಂಗಿಗೂ ಹಳದಿ, ಎದೆಗೂ ಹಳದಿ

2010ರ ಜುಲೈ 11ರಂದು ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಇಂಗ್ಲೆಂಡಿನ ರೆಫರಿ ಹೊವಾರ್ಡ್ ವೆಬ್ 14 ಸಲ ಹಳದಿ ಕಾರ್ಡ್ ಎತ್ತಿದರು. ಫೈನಲ್ ಪಂದ್ಯಗಳ ಮಟ್ಟಿಗೆ ಅದೊಂದು ದಾಖಲೆ. ಆ ಹದಿನಾಲ್ಕರಲ್ಲಿ ಎರಡನ್ನು ಮಾತ್ರ ನಾವಿಲ್ಲಿ ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು 28ನೇ ನಿಮಿಷದ್ದು. ಮೇಲೆ ಪುಟಿದ ಚೆಂಡಿಗೆಂದು ಹಾಲೆಂಡಿನ ನೈಜೆಲ್ ಡಿ ಯಾಂಗ್ ಎತ್ತಿದ ಕಾಲು ಸ್ಪೇನಿನ ಶಾಬಿ ಅಲೊನ್ಸೊನ ಎದೆಗೆ ಬಡಿಯಿತು. ಬೂಟಿನ ಅಡಿಯ ಮೊಳೆಗಳು ನೇರವಾಗಿ ಎದೆಗೂಡಿನ ಮೇಲೆ. ಟಿ.ವಿ. ಮುಂದೆ ಕುಳಿತವರೆಲ್ಲ ಒಮ್ಮೆ ತಮ್ಮ ಎದೆ ಮುಟ್ಟಿಕೊಂಡಿರಬೇಕು. ಶಿಕ್ಷೆ: ಒಂದು ಹಳದಿ ಕಾರ್ಡ್.

ಇನ್ನೊಂದು 116ನೇ ನಿಮಿಷದ್ದು. ಆ ಪಂದ್ಯದ ಏಕೈಕ ಗೋಲನ್ನು ಹೊಡೆದ ಆಂಡ್ರೆಸ್ ಇನಿಯೆಸ್ತಾ ಜೆರ್ಸಿ ಕಳಚಿ ಓಡಿದ. ಒಳಗಿನ ಬನಿಯನ್ನಿನ ಮೇಲೆ ಕೈಬರಹದಲ್ಲಿ ಒಂದು ಸಾಲು: ದಾನಿ ಜಾರ್ಕೆ ಸದಾ ನಮ್ಮೊಂದಿಗೆ. ಜಾರ್ಕೆ ಎಸ್ಪಾನ್ಯೋಲ್ ತಂಡದ ನಾಯಕ. 2009ರ ಆಗಸ್ಟ್‌ನಲ್ಲಿ, 26ರ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡವನು. ಇನಿಯೆಸ್ತಾ ಆಡುತ್ತಿದ್ದದ್ದು ಬಾರ್ಸಿಲೋನಾಕ್ಕೆ. ಎರಡೂ ಒಂದೇ ಊರಿನ ತಂಡಗಳು, ಹಳೆಯ ಎದುರಾಳಿಗಳು. ಎದುರು ಬಣದ ಗೆಳೆಯನನ್ನು ಜಗತ್ತಿನ ಅತಿ ದೊಡ್ಡ ಸಂಭ್ರಮದ ಕ್ಷಣದಲ್ಲಿ ನೆನೆದದ್ದಕ್ಕೆ ಶಿಕ್ಷೆ: ಒಂದು ಹಳದಿ ಕಾರ್ಡ್.

ಡಿ ಯಾಂಗ್‌ಗೆ ಕೆಂಪು ಕಾರ್ಡನ್ನೇ ಕೊಡಬೇಕಿತ್ತು, ಆ ಕ್ಷಣದಲ್ಲಿ ತನಗೆ ಸರಿಯಾಗಿ ಕಾಣಲಿಲ್ಲ ಎಂದು ವೆಬ್ ಆಮೇಲೆ ಒಪ್ಪಿಕೊಂಡರು. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ನಾವು ದೂರುತ್ತಿರುವುದು ಅವರ ಕೈಗೆ ಕೊಟ್ಟ ಕಾನೂನನ್ನು. ಎದೆಗೆ ಬಿದ್ದ ಒದೆತ ಎಷ್ಟು ಕ್ರೂರ ಎಂದು ಅಳೆಯುವ ಹೊಣೆಯನ್ನು ಆ ಕಾನೂನು ರೆಫರಿಯ ವಿವೇಚನೆಗೆ ಬಿಡುತ್ತದೆ. ಅಂಗಿ ಕಳಚಿದವನ ವಿಷಯದಲ್ಲಿ ಮಾತ್ರ ಅವನ ವಿವೇಚನೆಯನ್ನು ಕಿತ್ತುಕೊಳ್ಳುತ್ತದೆ. ಅಲ್ಲಿ ‘ಕೊಡಬಹುದು’ ಎಂದಿಲ್ಲ, ‘ಕೊಡಲೇಬೇಕು’ ಎಂದಿದೆ.

ಫುಟ್‌ಬಾಲ್ ಕಾನೂನಿನ 12ನೇ ನಿಯಮಕ್ಕೆ ಈ ‘ಲೇಬೇಕು’ ಸೇರಿದ್ದು 2004ರಲ್ಲಿ. 2019ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗೋಲು ರದ್ದಾದರೂ ಅಂಗಿ ಕಳಚಿದ್ದಕ್ಕೆ ಕೊಟ್ಟ ಕಾರ್ಡ್ ರದ್ದಾಗುವುದಿಲ್ಲ ಎಂದು ಬರೆದರು. ಅಂದರೆ ಗೋಲು ಲೆಕ್ಕಕ್ಕಿಲ್ಲ, ಅಂಗಿ ಲೆಕ್ಕಕ್ಕಿದೆ. ಇದಕ್ಕೆ ಹೇಳುವ ಕಾರಣ ಕಾಲಹರಣ. ಹಾಳಾದ ಸಮಯವನ್ನು ಕೊನೆಯಲ್ಲಿ ಸೇರಿಸಿ ಆಡಿಸುವ ಅಧಿಕಾರ ರೆಫರಿಗೆ ಮೊದಲಿನಿಂದಲೂ ಇದೆಯಲ್ಲ? ಇಡೀ ತಂಡ ಮೂಲೆಯ ಬಾವುಟದ ಹತ್ತಿರ ಗುಡ್ಡೆ ಬಿದ್ದು ಕುಣಿದರೆ ಹೋಗುವ ಸಮಯ ಅಂಗಿ ಕಳಚಿದಾಗ ಹೋಗುವುದಕ್ಕಿಂತ ಕಡಿಮೆಯೇನಲ್ಲ. ಹೇಳದೆ ಬಿಟ್ಟ ಕಾರಣವೊಂದು ಇದೆ ಎಂದು ಆಟ ಬಲ್ಲವರು ಬಹಳ ದಿನಗಳಿಂದ ಆಡಿಕೊಳ್ಳುತ್ತಿದ್ದಾರೆ. ಗೋಲು ಬಿದ್ದ ಕ್ಷಣದ ಫೋಟೋ ಮರುದಿನ ಲೋಕದ ಪತ್ರಿಕೆಗಳಲ್ಲೆಲ್ಲ ಬರುತ್ತದೆ. ಆ ಫೋಟೋದಲ್ಲಿ ಆಟಗಾರನ ಎದೆ ಬರಿದಾಗಿದ್ದರೆ, ಎದೆಯ ಮೇಲಿನ ಜಾಗಕ್ಕೆ ಕೋಟಿಗಟ್ಟಲೆ ಕೊಟ್ಟ ಕಂಪನಿಯ ಹೆಸರು ಕಾಣುವುದಿಲ್ಲ.

ಈ ಅನುಮಾನ ಸುಳ್ಳೆಂದು ನಂಬಲು ನಮಗೂ ಇಷ್ಟವೇ. ಆದರೆ 2012ರ ಯುರೋಪಿನ ಲೆಕ್ಕಪತ್ರ ಅದಕ್ಕೆ ಆಸ್ಪದ ಕೊಡುವುದಿಲ್ಲ.

ಆ ವರ್ಷದ ಯುರೋಪಾ ಲೀಗ್‌ನಲ್ಲಿ ಪೋರ್ಚುಗಲ್ಲಿನ ಪೋರ್ಟೊ ತಂಡದ ಬೆಂಬಲಿಗರು ಮ್ಯಾಂಚೆಸ್ಟರ್ ಸಿಟಿಯ ಕಪ್ಪು ವರ್ಣದ ಆಟಗಾರ ಮಾರಿಯೊ ಬಾಲೊಟೆಲ್ಲಿಯನ್ನು ಜನಾಂಗದ ಹೆಸರಿನಲ್ಲಿ ಹೀಯಾಳಿಸಿದರು. ಯುರೋಪಿನ ಫುಟ್‌ಬಾಲ್ ಸಂಸ್ಥೆಯಾದ ಯುಯೆಫಾ ಪೋರ್ಟೊಗೆ ಹಾಕಿದ ದಂಡ 20,000 ಯುರೋ. ಕೆಲವೇ ವಾರಗಳಲ್ಲಿ ಇದೇ ಮ್ಯಾಂಚೆಸ್ಟರ್ ಸಿಟಿ ಸ್ಪೋರ್ಟಿಂಗ್ ತಂಡದ ವಿರುದ್ಧದ ಪಂದ್ಯದಲ್ಲಿ ವಿರಾಮದ ನಂತರ ಮೈದಾನಕ್ಕೆ ತಡವಾಗಿ ಬಂತು. ಎಷ್ಟು ತಡ? ಒಂದು ನಿಮಿಷಕ್ಕಿಂತಲೂ ಕಡಿಮೆ. ದಂಡ 30,000 ಯುರೋ. ಹೀಯಾಳಿಕೆಗೆ ಒಳಗಾದ ತಂಡ ಅರೆ ನಿಮಿಷದ ಆಲಸ್ಯಕ್ಕೆ ಕಟ್ಟಿದ್ದು, ಹೀಯಾಳಿಸಿದ ತಂಡ ಕಟ್ಟಿದ್ದಕ್ಕಿಂತ ಹತ್ತು ಸಾವಿರ ಹೆಚ್ಚು.

ಉರ್ದುವಿನಲ್ಲಿ ನಾವು ನ್ಯಾಯಕ್ಕೆ ‘ಇನ್ಸಾಫ್’ ಎನ್ನುತ್ತೇವೆ. ಅದರ ಬೇರು ಅರಬಿಯ ‘ನಿಸ್ಫ್’, ಅಂದರೆ ಅರ್ಧ. ತಕ್ಕಡಿಯ ಎರಡೂ ತಟ್ಟೆ ಸಮ ನಿಲ್ಲಬೇಕೆಂಬ ಮಾತು ಆ ಪದದ ಹೊಟ್ಟೆಯಲ್ಲೇ ಇದೆ. ಯುಯೆಫಾದ ತಕ್ಕಡಿ ನೋಡಿ. ಅದೇ 2012ರ ಜೂನ್‌ನ ಯುರೋ ಕಪ್‌ನಲ್ಲಿ ಡೆನ್ಮಾರ್ಕಿನ ನಿಕ್ಲಾಸ್ ಬೆಂಟ್ನರ್ ಪೋರ್ಚುಗಲ್ ವಿರುದ್ಧ ಗೋಲು ಹೊಡೆದು ಚಡ್ಡಿಯ ಅಂಚು ತೋರಿಸಿದ. ಅದರ ಮೇಲೆ ಬೆಟ್ಟಿಂಗ್ ಕಂಪನಿಯೊಂದರ ಹೆಸರಿತ್ತು, ಅದು ಪಂದ್ಯಾವಳಿಗೆ ದುಡ್ಡು ಕೊಟ್ಟ ಕಂಪನಿಯಾಗಿರಲಿಲ್ಲ. ಶಿಕ್ಷೆ 1,00,000 ಯುರೋ ದಂಡ ಮತ್ತು ಒಂದು ಪಂದ್ಯದ ನಿಷೇಧ. ಅದೇ ಪಂದ್ಯಾವಳಿಯಲ್ಲಿ ಕ್ರೊಯೇಷಿಯಾದ ಬೆಂಬಲಿಗರು ಮತ್ತೆ ಅದೇ ಬಾಲೊಟೆಲ್ಲಿಯನ್ನು ಹೀಯಾಳಿಸಿದರು. ಪಟಾಕಿ ಎಸೆದದ್ದನ್ನೂ ಸೇರಿಸಿ ಕ್ರೊಯೇಷಿಯಾದ ಫೆಡರೇಷನ್ನಿಗೆ ಬಿದ್ದ ದಂಡ 80,000 ಯುರೋ.

ಬೆಂಟ್ನರ್ ಹುಡುಗಾಟ ಮಾಡಿದ, ಬಹುಶಃ ಜಾಹೀರಾತನ್ನೇ ಮಾಡಿದ. ಅವನ ಪರ ವಕಾಲತ್ತು ನಮಗೆ ಬೇಕಿಲ್ಲ. ಅವನ ದಂಡವನ್ನು ತಾನೇ ಕಟ್ಟುವುದಾಗಿ ಆ ಕಂಪನಿ ಹೇಳಿಕೊಂಡದ್ದರಿಂದ ಶಿಕ್ಷೆಯೂ ಇನ್ನೊಂದು ಜಾಹೀರಾತೇ ಆಯಿತು. ನಮ್ಮ ಪ್ರಶ್ನೆ ಬೇರೆ. ಒಬ್ಬ ಮನುಷ್ಯನ ಚರ್ಮದ ಬಣ್ಣವನ್ನು ಸಾವಿರಾರು ಜನರ ಮಧ್ಯೆ ಹೀನಾಯ ಮಾಡುವುದು, ಇನ್ನೊಬ್ಬ ತನ್ನ ಚಡ್ಡಿಯ ಅಂಚು ತೋರಿಸುವುದಕ್ಕಿಂತ ಅಗ್ಗವಾದದ್ದು ಹೇಗೆ? ಮೊದಲನೆಯದರಲ್ಲಿ ನೋವು ಒಬ್ಬ ಆಟಗಾರನದು, ಎರಡನೆಯದರಲ್ಲಿ ನಷ್ಟ ಪ್ರಾಯೋಜಕರದು ಎಂಬುದನ್ನು ಬಿಟ್ಟರೆ ನಮಗೆ ಬೇರೆ ಉತ್ತರ ಸಿಗುತ್ತಿಲ್ಲ. ಎಲ್ಲೆಡೆ ಕೂಗೆದ್ದ ಮೇಲೆ 2013ರಲ್ಲಿ ಯುಯೆಫಾ ಜನಾಂಗ ನಿಂದನೆ ಮಾಡುವ ಆಟಗಾರನಿಗೆ ಕನಿಷ್ಠ 10 ಪಂದ್ಯಗಳ ನಿಷೇಧ, ಬೆಂಬಲಿಗರು ಮಾಡಿದರೆ ಕ್ರೀಡಾಂಗಣದ ಒಂದು ಭಾಗಕ್ಕೆ ಬೀಗ ಎಂದು ನಿಯಮ ಬಿಗಿ ಮಾಡಿತು. ಒಳ್ಳೆಯದೇ. ಅಂಗಿಯ ನಿಯಮ ಮಾತ್ರ ಇದ್ದಲ್ಲೇ ಉಳಿಯಿತು.

‘ಸಣ್ಣದಾದರೂ ನಿಯಮ ನಿಯಮವೇ. ರೆಫರಿಯ ವಿವೇಚನೆಗೆ ಬಿಟ್ಟರೆ ಪಕ್ಷಪಾತ ನುಸುಳುತ್ತದೆ, ಎಲ್ಲರಿಗೂ ಒಂದೇ ಶಿಕ್ಷೆ ಎಂದರೆ ಅದೇ ಸಮಾನತೆ’ ಎಂದು ವಾದಿಸುವವರಿದ್ದಾರೆ. ಇದು ತಳ್ಳಿಹಾಕುವ ವಾದವಲ್ಲ. ವಿವೇಚನೆಯ ಹೆಸರಿನಲ್ಲಿ ಬಲಾಢ್ಯರಿಗೆ ರಿಯಾಯಿತಿ, ಬಡವರಿಗೆ ಬರೆ ಎಂಬುದನ್ನು ನಾವು ಕಚೇರಿಗಳಲ್ಲೂ ಠಾಣೆಗಳಲ್ಲೂ ದಿನವೂ ಕಾಣುವವರು. ಆದರೆ ಒಂದೇ ಅಳತೆ ಎಂದರೆ ಸಣ್ಣ ತಪ್ಪಿಗೂ ದೊಡ್ಡ ತಪ್ಪಿಗೂ ಒಂದೇ ಶಿಕ್ಷೆ ಎಂದಲ್ಲ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಡುವವನು ಎಲ್ಲ ಗುಬ್ಬಿಗಳ ಮೇಲೂ ಬಿಡುತ್ತೇನೆ ಎಂದರೆ ಅದು ಸಮಾನತೆಯಾಗುವುದೆ?

ಕಠಿಣ ಶಿಕ್ಷೆಯೇ ಬೇಡ ಎಂದೂ ನಾವು ಹೇಳುತ್ತಿಲ್ಲ. 2023ರ ಮಾರ್ಚ್ 3ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲಾದಾಗ, ನಾವಿನ್ನೂ ಸಿದ್ಧರಿರಲಿಲ್ಲ ಎಂದು ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಹಾಕಿತು, ತರಬೇತುದಾರನಿಗೆ 10 ಪಂದ್ಯಗಳ ನಿಷೇಧ. ಮೊತ್ತದ ಬಗ್ಗೆ ತಕರಾರಿರಬಹುದು. ಆದರೆ ಆಟವನ್ನೇ ಅರ್ಧಕ್ಕೆ ನಿಲ್ಲಿಸಿದ್ದು ಸಣ್ಣ ತಪ್ಪೆಂದು ಯಾರೂ ಹೇಳಲಾರರು. ದುಡ್ಡು ಕೊಟ್ಟು ಬಂದ ಪ್ರೇಕ್ಷಕರಿಗೂ ಎದುರು ತಂಡಕ್ಕೂ ಅದರಿಂದ ಆದ ನಷ್ಟ ಕಣ್ಣಿಗೆ ಕಾಣುತ್ತದೆ. ಇನಿಯೆಸ್ತಾನ ಬನಿಯನ್ನಿನಿಂದ ನಷ್ಟವಾದದ್ದು ಯಾರಿಗೆ?

ಈ ನಿಯಮದಲ್ಲಿ ರೆಫರಿಗಳಿಗೇ ನಂಬಿಕೆ ಇಲ್ಲ ಎನ್ನುವುದಕ್ಕೆ ಕತಾರ್ ಸಾಕ್ಷಿ. 2022ರ ಡಿಸೆಂಬರ್ 2ರಂದು ಕೆಮರೂನಿನ ನಾಯಕ ವಿನ್ಸೆಂಟ್ ಅಬೂಬಕರ್ ಹೆಚ್ಚುವರಿ ನಿಮಿಷಗಳಲ್ಲಿ ಬ್ರೆಜಿಲ್ ವಿರುದ್ಧ ತಲೆಯಿಂದ ಗೋಲು ಹೊಡೆದ. ವಿಶ್ವಕಪ್‌ನಲ್ಲಿ ಆಫ್ರಿಕಾದ ದೇಶವೊಂದು ಬ್ರೆಜಿಲನ್ನು ಸೋಲಿಸಿದ್ದು ಅದೇ ಮೊದಲು. ಅವನು ಜೆರ್ಸಿ ಕಳಚಿದ, ಆಗಲೇ ಒಂದು ಹಳದಿ ಕಾರ್ಡ್ ಇತ್ತು. ರೆಫರಿ ಇಸ್ಮಾಯಿಲ್ ಎಲ್ಫಾತ್ ನಗುತ್ತಾ ಹತ್ತಿರ ಬಂದು, ಕೈಕುಲುಕಿ, ಆಮೇಲೆ ಎರಡನೇ ಹಳದಿ ತೋರಿಸಿ, ಕೆಂಪು ತೋರಿಸಿ ಹೊರಗೆ ಕಳಿಸಿದರು. ಕತೆ ಬರೆಯುವವರ ಕೈಗೆ ಇಂಥ ದೃಶ್ಯ ಸಿಕ್ಕರೆ ಬಿಡುವುದು ಕಷ್ಟ. ಅಭಿನಂದಿಸಿದ ಕೈಯೇ ಶಿಕ್ಷೆಯನ್ನೂ ಕೊಡಬೇಕು. ಕೆಮರೂನ್ ಹೇಗೂ ಅಂದೇ ಪಂದ್ಯಾವಳಿಯಿಂದ ಹೊರಬಿದ್ದದ್ದರಿಂದ ಆ ಕೆಂಪು ಅಷ್ಟಾಗಿ ಉರಿಯಲಿಲ್ಲ.

ಆದರೆ ಸೆನೆಗಲ್‌ಗೆ ಉರಿಯಿತು. 2018ರ ವಿಶ್ವಕಪ್‌ನಲ್ಲಿ ಸೆನೆಗಲ್ ಮತ್ತು ಜಪಾನ್ ತಂಡಗಳು ಗುಂಪಿನ ಹಂತದ ಕೊನೆಗೆ ಸರಿಸಮ ನಿಂತವು. ಅಂಕ ಸಮ, ಹೊಡೆದ ಗೋಲು ಸಮ, ಬಿಟ್ಟುಕೊಟ್ಟ ಗೋಲು ಸಮ, ಪರಸ್ಪರ ಆಡಿದ ಪಂದ್ಯವೂ 2-2. ಕೊನೆಗೆ ಕಾರ್ಡುಗಳನ್ನು ಎಣಿಸಿದರು. ಜಪಾನಿಗೆ 4 ಹಳದಿ, ಸೆನೆಗಲ್‌ಗೆ 6. ಸೆನೆಗಲ್ ಮನೆಗೆ. ಈ ಲೆಕ್ಕ ತಿಳಿದಿದ್ದ ಜಪಾನ್, ಪೋಲೆಂಡ್ ವಿರುದ್ಧ 0-1ರಿಂದ ಸೋಲುತ್ತಿದ್ದರೂ, ಕೊನೆಯ ನಿಮಿಷಗಳಲ್ಲಿ ಗೋಲಿಗೆ ಹೋಗದೆ ಚೆಂಡನ್ನು ತನ್ನವರೊಳಗೇ ದಾಟಿಸುತ್ತಾ ನಿಂತಿತು. ಪ್ರೇಕ್ಷಕರು ಛೀಮಾರಿ ಹಾಕಿದರು. ಆ ನಿಯಮದ ಹೆಸರು ಕೇಳಿದರೆ ನಗು ಬರುತ್ತದೆ: ಫೇರ್ ಪ್ಲೇ. ಆಡಲು ಒಲ್ಲದ ತಂಡ ಮುಂದಕ್ಕೆ ಹೋಯಿತು, ಆಡುತ್ತಾ ಎಡವಿದ ತಂಡ ಹಿಂದಕ್ಕೆ ಬಂತು. ಹಳದಿ ಕಾರ್ಡ್ ಎಂದರೆ ಬರೀ ಎಚ್ಚರಿಕೆ ಎಂದು ಹೇಳುವವರು ಡಾಕರ್‌ಗೆ ಹೋಗಿ ಹೇಳಲಿ.

ನಿಯಮವನ್ನು ಸಡಿಲಿಸಲು ಬರುವುದಿಲ್ಲ ಎಂದೇನೂ ಇಲ್ಲ. 2002ರಲ್ಲಿ ಜರ್ಮನಿಯ ಮಿಖಾಯೆಲ್ ಬಲಾಕ್ ಸೆಮಿಫೈನಲ್‌ನ ಹಳದಿ ಕಾರ್ಡಿನಿಂದ ಫೈನಲ್ ತಪ್ಪಿಸಿಕೊಂಡ. ಇಂಥ ತಾರೆಯರಿಲ್ಲದ ಫೈನಲ್ ಮಾರುಕಟ್ಟೆಗೆ ರುಚಿಸದು. 2010ರಿಂದ ಕ್ವಾರ್ಟರ್ ಫೈನಲ್ ಮುಗಿದ ಮೇಲೆ ಒಂಟಿ ಹಳದಿಗಳನ್ನು ಅಳಿಸಿಹಾಕುತ್ತಾರೆ. ಸೆಮಿಫೈನಲ್‌ವರೆಗೆ ಬಂದವರಿಗೆ ಕ್ಷಮಾದಾನ ಇದೆ, ಗುಂಪಿನಲ್ಲೇ ಉಳಿಯುವ ಸಣ್ಣ ದೇಶಗಳಿಗೆ ಕೊನೆಯ ಕಾರ್ಡಿನವರೆಗೂ ಲೆಕ್ಕ.

ಉಡುಪಿನ ನಿಯಮಗಳಲ್ಲೂ ಇದೇ ಕತೆ. 2011ರ ಜೂನ್‌ನಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆ ಬಂದ ಇರಾನಿನ ಆಟಗಾರ್ತಿಯರನ್ನು, ಕತ್ತು ಕಿವಿ ಮುಚ್ಚುವ ಹಿಜಾಬ್ ಧರಿಸಿದ್ದಕ್ಕೆ ಆಡಗೊಡಲಿಲ್ಲ. ಪಂದ್ಯವನ್ನು ಜೋರ್ಡಾನಿಗೆ 3-0 ಎಂದು ಬರೆದುಕೊಟ್ಟರು. ಇರಾನಿನ ಪ್ರಭುತ್ವ ಆ ಬಟ್ಟೆಯನ್ನು ಹೆಣ್ಣುಮಕ್ಕಳ ಮೇಲೆ ಹೇರುತ್ತದೆ ಎಂಬ ವಾದವಿದೆ, ಅದು ಆಡಲೇಬೇಕಾದ ವಾದ. ಆದರೆ ಅಂದು ಶಿಕ್ಷೆ ಬಿದ್ದದ್ದು ಪ್ರಭುತ್ವಕ್ಕಲ್ಲ, ಮೈದಾನದಲ್ಲಿ ಕಣ್ಣೀರಿಟ್ಟ ಆ ಹುಡುಗಿಯರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾನೂನು ಮಂಡಳಿಯ ಮುಂದೆ 2007ರಲ್ಲೇ ಬಂದಿದ್ದ ಈ ವಿಷಯಕ್ಕೆ ಪೂರ್ಣ ಒಪ್ಪಿಗೆ ಸಿಕ್ಕಿದ್ದು 2014ರಲ್ಲಿ. ಏಳು ವರ್ಷ. 2016ರ ನವೆಂಬರ್‌ನಲ್ಲಿ ಬ್ರಿಟನ್ನಿನ ತಂಡಗಳು ಮಡಿದ ಸೈನಿಕರ ನೆನಪಿನ ಪಾಪಿ ಹೂವಿನ ಪಟ್ಟಿ ತೊಟ್ಟು ಆಡಿದಾಗಲೂ ಫಿಫಾ ದಂಡ ಹಾಕಿತು. ಅಲ್ಲಿಯೂ ದಂಡ ತಪ್ಪೇ, ಸತ್ತವರನ್ನು ನೆನೆಯುವುದು ಅಪರಾಧವಲ್ಲ. ಆದರೆ ಅವರಿಗಾಗಿ ನಿಯಮದ ಅರ್ಥ ತಿದ್ದಲು ಒಂದು ವರ್ಷವೂ ಬೇಕಾಗಲಿಲ್ಲ.

ಗಾಜಾದ ಮೇಲೆ ಬಾಂಬು ಬೀಳುತ್ತಿದ್ದ 2009ರ ಜನವರಿಯಲ್ಲಿ ಸೆವಿಲ್ಲಾದ ಫ್ರೆಡೆರಿಕ್ ಕನೂಟೆ ಗೋಲು ಹೊಡೆದು, ಜೆರ್ಸಿ ಎತ್ತಿ, ‘ಪ್ಯಾಲೆಸ್ತೀನ್’ ಎಂದಿದ್ದ ಒಳಅಂಗಿ ತೋರಿಸಿದ. ಹಳದಿ ಕಾರ್ಡ್ ಬಿತ್ತು, ಸುಮಾರು 3,000 ಯುರೋ ದಂಡವೂ ಬಿತ್ತು. 2022ರಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನ ನಾಯಕರೆಲ್ಲ ಉಕ್ರೇನಿನ ಬಣ್ಣದ ತೋಳುಪಟ್ಟಿ ಕಟ್ಟಿ ಆಡಿದರು, ಯಾರಿಗೂ ಕಾರ್ಡ್ ಇಲ್ಲ. ಉಕ್ರೇನಿಗೆ ಸಂದ ಸಹಾನುಭೂತಿ ಸರಿಯಾದದ್ದೇ. ಕನೂಟೆಗೆ ಯಾಕಿಲ್ಲ ಎಂಬುದಷ್ಟೇ ಪ್ರಶ್ನೆ. ಈ ಪ್ರಶ್ನೆ ಕೇಳುವ ನಾವು ಇನ್ನೊಂದನ್ನೂ ಒಪ್ಪಬೇಕು. ಕತಾರ್ ವಿಶ್ವಕಪ್‌ನಲ್ಲಿ ಯುರೋಪಿನ ಏಳು ದೇಶಗಳ ನಾಯಕರು ಕಟ್ಟಬೇಕೆಂದಿದ್ದ ‘ಒನ್ ಲವ್’ ತೋಳುಪಟ್ಟಿಯನ್ನು ಹಳದಿ ಕಾರ್ಡಿನ ಬೆದರಿಕೆಯಿಂದಲೇ ಕಳಚಿಸಲಾಯಿತು. ಆ ಪಟ್ಟಿಯ ವಿಚಾರ ನಮ್ಮ ಓದುಗರಲ್ಲಿ ಹಲವರಿಗೆ ಹಿಡಿಸದಿರಬಹುದು. ಕನೂಟೆಯ ಅಂಗಿಗೆ ಬೇಕಾದ ನ್ಯಾಯ ಆ ತೋಳುಪಟ್ಟಿಗೆ ಬೇಡ ಎಂದರೆ ನಮ್ಮದೂ ಯುಯೆಫಾದ ತಕ್ಕಡಿಯೇ ಆಗುತ್ತದೆ.

ಮಾಡಬೇಕಾದದ್ದೇನು ದೊಡ್ಡದಲ್ಲ. ಯಾರ ಮೈಗೂ ಪೆಟ್ಟಾಗದ, ಯಾರ ಗೋಲನ್ನೂ ಕಸಿಯದ ತಪ್ಪುಗಳಲ್ಲಿ ‘ಕೊಡಲೇಬೇಕು’ ಎಂಬುದನ್ನು ‘ಕೊಡಬಹುದು’ ಎಂದು ತಿದ್ದಲಿ. ಕೊಟ್ಟರೂ ಆ ಕಾರ್ಡನ್ನು ಎರಡನೇ ಹಳದಿಗೆ, ಮುಂದಿನ ಪಂದ್ಯದ ನಿಷೇಧಕ್ಕೆ, ಗುಂಪಿನ ಸ್ಥಾನಕ್ಕೆ ಎಣಿಸದಿರಲಿ. ಹಣದ ದಂಡವನ್ನು ನೊಂದವರ ನೋವಿನಿಂದ ಅಳೆಯಲಿ. ಪೆನಾಲ್ಟಿ, ಕೆಂಪು ಕಾರ್ಡ್, ನಿಷೇಧ ಎಂಬ ಮೂರು ಪಟ್ಟು ಶಿಕ್ಷೆ ಅತಿಯಾಯಿತೆಂದು 2016ರಲ್ಲಿ ಚೆಂಡಿಗಾಗಿಯೇ ಕಾಲು ಚಾಚಿದವನಿಗೆ ಕೆಂಪಿನ ಬದಲು ಹಳದಿ ಎಂದು ಮಾಡಿದವರು ಇವರೇ.

ಈ ಕಾನೂನು ಬರೆಯುವ ಮಂಡಳಿ 1886ರಷ್ಟು ಹಳೆಯದು. ಅದರಲ್ಲಿ ಎಂಟು ಮತಗಳು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಿಗೆ ಒಂದೊಂದು. ಮಿಕ್ಕ ಇಡೀ ಜಗತ್ತಿನ ಪರವಾಗಿ ಫಿಫಾಕ್ಕೆ ನಾಲ್ಕು. ತಿದ್ದುಪಡಿಗೆ ಆರು ಮತ ಬೇಕು. ಫಿಫಾದ 211 ಸದಸ್ಯರಲ್ಲಿ ಭಾರತವೂ ಒಂದು, ಸೆನೆಗಲ್ ಒಂದು, ಕೆಮರೂನ್ ಒಂದು, ಇರಾನ್ ಒಂದು. ಪ್ರತಿವರ್ಷ ಸೇರುವ ಆ ಸಭೆಯ ಮುಂದೆ ಇಂಥ ತಿದ್ದುಪಡಿಯನ್ನು ಇಡಿಸಲು ನಮ್ಮ ಫೆಡರೇಷನ್ ಈ ದೇಶಗಳ ಜೊತೆಗೂಡಿ ಪತ್ರ ಬರೆಯಲಿ.