ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

2024ರ ಜನವರಿಯಲ್ಲಿ ಹಾಂಗ್‌ಕಾಂಗ್‌ನ ಕಚೇರಿಯೊಂದರ ಹಣಕಾಸು ವಿಭಾಗದ ನೌಕರರೊಬ್ಬರಿಗೆ ಒಂದು ಸಂದೇಶ ಬಂತು. ಬ್ರಿಟನ್ನಿನಲ್ಲಿದ್ದ ಸಂಸ್ಥೆಯ ಮುಖ್ಯ ಹಣಕಾಸು ಅಧಿಕಾರಿಯ ಹೆಸರಿನಲ್ಲಿದ್ದ ಅದರಲ್ಲಿ ಗುಟ್ಟಾಗಿ ನಡೆಯಬೇಕಾದ ವ್ಯವಹಾರವೊಂದರ ಪ್ರಸ್ತಾಪವಿತ್ತು. ನೌಕರರಿಗೆ ಮೊದಲು ಸಂಶಯವೇ ಮೂಡಿತು. ಆದರೆ ಬಳಿಕ ನಡೆದ ವಿಡಿಯೋ ಸಭೆಯಲ್ಲಿ ಅದೇ ಅಧಿಕಾರಿಯೂ ಪರಿಚಿತ ಸಹೋದ್ಯೋಗಿಗಳೂ ಪರದೆಯ ಮೇಲೆ ಕಾಣಿಸಿಕೊಂಡರು. ದನಿಯೂ ಅವರದೇ ಆಗಿತ್ತು. ಸಂಶಯ ಕರಗಿತು. 15 ಕಂತುಗಳಲ್ಲಿ, 5 ಬ್ಯಾಂಕ್ ಖಾತೆಗಳಿಗೆ, 20 ಕೋಟಿ ಹಾಂಗ್‌ಕಾಂಗ್ ಡಾಲರ್ ಸಂದಾಯವಾಯಿತು. ನಮ್ಮ ಲೆಕ್ಕದಲ್ಲಿ ಅದು 200 ಕೋಟಿ ರೂಪಾಯಿಗೂ ಅಧಿಕ. ಕೇಂದ್ರ ಕಚೇರಿಯನ್ನು ವಿಚಾರಿಸಿದಾಗ ಸತ್ಯ ಹೊರಬಿತ್ತು: ಆ ಸಭೆಯಲ್ಲಿದ್ದ ನಿಜವಾದ ಮನುಷ್ಯರು ಆ ನೌಕರರೊಬ್ಬರೇ. ಉಳಿದವರೆಲ್ಲ ಕೃತಕ ಬುದ್ಧಿಮತ್ತೆಯ ಸೃಷ್ಟಿ.

ವಂಚನೆಗೊಳಗಾದ ಸಂಸ್ಥೆ ಅರೂಪ್. ಸಿಡ್ನಿಯ ಒಪೇರಾ ಹೌಸ್‌ನ ರಚನಾ ವಿನ್ಯಾಸ ಮಾಡಿದ ಹೆಸರಾಂತ ಎಂಜಿನಿಯರಿಂಗ್ ಸಂಸ್ಥೆಯಿದು. ತನ್ನ ಗಣಕ ವ್ಯವಸ್ಥೆಗೆ ಯಾವ ಧಕ್ಕೆಯೂ ಆಗಿರಲಿಲ್ಲವೆಂದು ಅದು ತಿಳಿಸಿತು. ಕಳ್ಳರು ಬೀಗ ಒಡೆಯಲಿಲ್ಲ. ಒಳಗಿದ್ದವರೇ ನಂಬಿ ಬಾಗಿಲು ತೆರೆದರು.

ಕಟ್ಟಡ ನಿರ್ಮಾಣದ ಉದ್ಯಮವು ಇಂತಹ ವಂಚನೆಗೆ ಸುಲಭವಾಗಿ ಈಡಾಗುವುದಕ್ಕೆ ಕಾರಣವಿದೆ. ಕೆಲಸ ಒಂದೆಡೆ, ಕಚೇರಿ ಇನ್ನೊಂದೆಡೆ. ಮುರಕಲ್ಲು, ಹೊಯ್ಗೆ, ಸಿಮೆಂಟು, ಕಬ್ಬಿಣ ಪೂರೈಸುವವರು ಬೇರೆಬೇರೆ. ಬಡಗಿ, ವಯರಿಂಗ್, ಪೈಂಟಿಂಗ್‌ನ ಉಪಗುತ್ತಿಗೆದಾರರು ಮತ್ತೆ ಬೇರೆ. ಹಣ ಕಂತುಕಂತಾಗಿ, ದೊಡ್ಡ ಮೊತ್ತದಲ್ಲಿ, ಹಲವು ವೇಳೆ ಅವಸರದಲ್ಲಿ ಸಂದಾಯವಾಗುತ್ತದೆ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಾರಿಯ ಬಿಲ್ಲನ್ನು ಹೊಸ ಖಾತೆಗೆ ಹಾಕಿ’ ಎಂಬ ಒಂದು ಸಾಲು ಸಾಕು. ಹಿಂದೆ ಇಂತಹ ನಕಲಿ ಪತ್ರಗಳು ಹರಕುಮುರುಕು ಭಾಷೆಯಿಂದಲೇ ಸಿಕ್ಕಿಬೀಳುತ್ತಿದ್ದವು. ಈಗ ಯಂತ್ರವು ತಪ್ಪಿಲ್ಲದ ಪತ್ರವನ್ನು ಕ್ಷಣದಲ್ಲಿ ಬರೆಯಬಲ್ಲುದು. ಗೃಹಪ್ರವೇಶದಲ್ಲೋ ಶಿಲಾನ್ಯಾಸದಲ್ಲೋ ಧಣಿಗಳು ಆಡಿದ ನಾಲ್ಕು ಮಾತಿನ ವಿಡಿಯೋ ದೊರೆತರೆ ಅವರ ದನಿಯನ್ನೂ ಅನುಕರಿಸಬಲ್ಲುದು.

ಕಾನೂನು ಈ ಕೃತ್ಯವನ್ನು ಗುರುತಿಸದೆ ಇಲ್ಲ. ಗಣಕ ಸಾಧನದ ಮೂಲಕ ಇನ್ನೊಬ್ಬರಂತೆ ನಟಿಸಿ ವಂಚಿಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಡಿ ಕಲಮಿನಂತೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಭಾರತೀಯ ನ್ಯಾಯ ಸಂಹಿತೆಯ 318 ಮತ್ತು 319ನೆಯ ಕಲಮುಗಳೂ ಅನ್ವಯಿಸುತ್ತವೆ. ಆದರೆ ಶಿಕ್ಷೆಯಾದ ಮಾತ್ರಕ್ಕೆ ಹಣ ಮರಳುವುದಿಲ್ಲ. ಗ್ರಾಹಕನ ಅರಿವಿಲ್ಲದೆ ಖಾತೆಯಿಂದ ಹಣ ಹೋದ ಪ್ರಕರಣಗಳಿಗೆ ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ರಕ್ಷಣೆ ಒದಗಿಸಿತು. ಮೋಸಹೋದರೂ ತನ್ನ ಕೈಯಿಂದಲೇ ಪಾವತಿ ಮಾಡಿದವನು ಆ ರಕ್ಷಣೆಯನ್ನು ಕೇಳುವುದು ಕಷ್ಟ. ಆದ್ದರಿಂದ ಎಚ್ಚರಿಕೆಯು ಪಾವತಿಗೆ ಮೊದಲೇ ಇರಬೇಕು.

ಆ ಎಚ್ಚರಿಕೆಯ ಮಾದರಿಯೊಂದು ಈ ಉದ್ಯಮದ ಕಾನೂನಿನಲ್ಲಿಯೇ ಇದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯಂತೆ ನೋಂದಾಯಿತ ಯೋಜನೆಯಲ್ಲಿ ಖರೀದಿದಾರರಿಂದ ಪಡೆದ ಹಣದ ಶೇಕಡಾ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ಅದರಿಂದ ಹಣ ತೆಗೆಯಲು ಎಂಜಿನಿಯರ್, ವಾಸ್ತುಶಿಲ್ಪಿ, ಲೆಕ್ಕಪರಿಶೋಧಕ ಈ ಮೂವರ ಪ್ರಮಾಣಪತ್ರ ಬೇಕು. ಒಬ್ಬನ ಮಾತಿನ ಮೇಲೆ ದೊಡ್ಡ ಹಣ ಕದಲಬಾರದೆಂಬುದೇ ಇದರ ತಿರುಳು.

ಸಣ್ಣ ಗುತ್ತಿಗೆದಾರನ ಕಚೇರಿಯೂ ಇದನ್ನು ಪಾಲಿಸಬಹುದು. ನಿಗದಿತ ಮೊತ್ತವನ್ನು ಮೀರಿದ ಪಾವತಿಗೆ ಇಬ್ಬರ ಒಪ್ಪಿಗೆ ಇರಲಿ. ಖಾತೆ ಬದಲಾಗಿದೆಯೆಂದು ತಿಳಿದುಬಂದರೆ, ಆ ಸಂದೇಶದಲ್ಲಿರುವ ಸಂಖ್ಯೆಯನ್ನು ಬಿಟ್ಟು, ಹಳೆಯ ಕಡತದಲ್ಲಿರುವ ಸಂಖ್ಯೆಗೆ ಕರೆ ಮಾಡಿ ಕೇಳಲಿ. ‘ತುರ್ತು’, ‘ಗುಟ್ಟು’ ಎಂಬ ಎರಡು ಮಾತುಗಳು ಜೊತೆಯಾಗಿ ಬಂದಲ್ಲಿ ಪಾವತಿಯನ್ನು ತಡೆಹಿಡಿಯಲಿ.

ಇಲ್ಲಿ ಧಣಿಗಳ ಹೊಣೆ ದೊಡ್ಡದು. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕಲಿತ ಎಷ್ಟೋ ಮಕ್ಕಳು ಇಂದು ಊರಿನಲ್ಲಿ, ಮಂಗಳೂರಿನಲ್ಲಿ, ಗಲ್ಫ್ ನಾಡುಗಳಲ್ಲಿ ಕಟ್ಟಡ ಸಂಸ್ಥೆಗಳ ಲೆಕ್ಕ ಬರೆಯುತ್ತಿದ್ದಾರೆ. ಹಿರಿಯರಿಗೆ ಎದುರಾಡಬಾರದೆಂಬ ಪಾಠವನ್ನು ಮನೆಯೂ ಶಾಲೆಯೂ ಅವರಿಗೆ ಕಲಿಸಿವೆ. ವಂಚಕನು ಬಳಸಿಕೊಳ್ಳುವುದು ಆ ವಿಧೇಯತೆಯನ್ನೇ. ‘ನಾನೇ ಹೇಳಿದರೂ ನನ್ನ ಸಂಖ್ಯೆಗೆ ತಿರುಗಿ ಕರೆಮಾಡಿ ಖಚಿತಪಡಿಸಿಕೊಳ್ಳಿ, ಅದಕ್ಕಾಗಿ ಯಾರನ್ನೂ ದೂರುವುದಿಲ್ಲ’ ಎಂದು ಧಣಿಗಳು ಲಿಖಿತವಾಗಿ ಕೊಟ್ಟಿರಬೇಕು. ಹಾಗಿಲ್ಲದಿದ್ದರೆ ನಷ್ಟವಾದ ದಿನ ಮೊದಲು ಕಟಕಟೆಯಲ್ಲಿ ನಿಲ್ಲುವವನು, ಹೇಳಿದಂತೆ ಕೇಳಿದ ಆ ಗುಮಾಸ್ತನೇ.

ಇಷ್ಟಾಗಿಯೂ ಮೋಸವಾದರೆ ನಾಚಿಕೆಯಿಂದ ಹೊತ್ತು ಕಳೆಯಬಾರದು. ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಒಡನೆ ತಿಳಿಸಿದರೆ, ಹಣ ಇನ್ನೂ ಖಾತೆಯಲ್ಲಿದ್ದಲ್ಲಿ ತಡೆಯಲು ಅವಕಾಶವಿದೆ. ಸಂದೇಶ, ಧ್ವನಿಮುದ್ರಣ, ಪಾವತಿ ರಶೀದಿಗಳನ್ನು ಅಳಿಸದೆ ಕಾಪಾಡಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿಯೇ ಮಾಹಿತಿ ನೀಡಬಹುದು. ಮಂಗಳೂರಿನಲ್ಲಿ ಆದದ್ದೆಂದು ಕಾಸರಗೋಡಿನವರನ್ನು ಹಿಂದೆ ಕಳುಹಿಸುವಂತಿಲ್ಲ. ಇನ್ನು ಭಾಷೆಯ ಅಂಜಿಕೆಯೂ ಬೇಡ. ಕುಂದುಕೊರತೆಯ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗಳಿಗೆ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಕನ್ನಡದಲ್ಲಿಯೇ ಬರೆಯಬಹುದು.

ಹಾಂಗ್‌ಕಾಂಗ್‌ನ ನೌಕರರಿಗೆ ಸಂಶಯವೇನೋ ಬಂದಿತ್ತು. ಹಣ ಕಳುಹಿಸುವ ಮೊದಲು ಕೇಂದ್ರ ಕಚೇರಿಗೆ ಮಾಡಬೇಕಾಗಿದ್ದ ಒಂದು ಕರೆ ಮಾತ್ರ ತಡವಾಯಿತು.